ಯಾವ ಪುಸ್ತಕ ಯಾರ ಕೈಗೆ: ಕ್ರೈಸ್ತ ಸಾಧನೆಯ ಓದಿಗೊಂದು ಹೋಲಿಕೆ

ಚರ್ಚಿನ ಪುಸ್ತಕದ ಮೇಜಿನ ಮುಂದೆ ನಿಂತವರು ಹೆಚ್ಚಾಗಿ ಎರಡು ಆಧಾರದ ಮೇಲೆ ಆರಿಸುತ್ತಾರೆ: ಪ್ರಸಂಗದಲ್ಲಿ ಯಾವಾಗಲೋ ಕಿವಿಗೆ ಬಿದ್ದ ಹೆಸರು, ಇಲ್ಲವೇ ಪುಟಗಳ ಸಂಖ್ಯೆ. ಎರಡನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವಿಶ್ವಾಸ ಮತ್ತು ಸಾಧನೆಯ ಪುಸ್ತಕಗಳಿಗೆ ಇನ್ನೊಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಂದು ರಾತ್ರಿ ಇದನ್ನು ಓದಿ ಮಲಗಿದರೆ ನಾಳೆ ಬೆಳಿಗ್ಗೆ ಇದು ನನ್ನಿಂದ ಏನು ಕೇಳುತ್ತದೆ? ಒಂದು ಪುಸ್ತಕ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತುಕೋ ಎನ್ನುತ್ತದೆ. ಇನ್ನೊಂದು, ಒಲೆಯ ಮುಂದಿನಿಂದ ಏಳಬೇಡ, ಅಲ್ಲಿಯೇ ಪ್ರಾರ್ಥಿಸು ಎನ್ನುತ್ತದೆ. ಮತ್ತೊಂದು ಊಟ ಬಿಡಿಸುತ್ತದೆ, ಮಗದೊಂದು ಪಕ್ಕದ ಮನೆಯವರ ಬಗ್ಗೆ ಆಡುವ ಮಾತನ್ನು ಬಿಡಿಸುತ್ತದೆ. ನಾಳೆ ನಿಮ್ಮಿಂದ ಆಗದ್ದನ್ನು ಕೇಳುವ ಪುಸ್ತಕ ಎಷ್ಟೇ ದೊಡ್ಡವರದಾದರೂ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಅಕ್ಷರಶಃ ಹಿಡಿಯುತ್ತದೆ.

ಇಲ್ಲಿಯ ಓದುಗರು ಒಂದೇ ಬಗೆಯವರಲ್ಲ. 1988ರಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವಾದ ಶಿವಮೊಗ್ಗದ ಕಥೋಲಿಕರು ಒಂದು ಕಡೆ, ವೆಸ್ಲಿಯನ್ ಮಿಷನ್ನಿನ ಕಾಲದಿಂದ ಬಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಇನ್ನೊಂದು ಕಡೆ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳಲ್ಲಿ ಮನೆಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟದವರು ಮತ್ತೊಂದು ಕಡೆ. ಪುಸ್ತಕಗಳನ್ನು ನಾನು ಈ ಗೆರೆಗಳ ಮೇಲೆ ವಿಂಗಡಿಸುವುದಿಲ್ಲ. ಎಲ್ಲಿ ಮುಜುಗರವಾಗಬಹುದೋ ಅಲ್ಲಿ ಮಾತ್ರ ಹೇಳುತ್ತೇನೆ.

ಕೋಣೆಯೋ, ಅಡುಗೆಮನೆಯೋ

ಮೊದಲ ಆಯ್ಕೆ ಎರಡು ಸಣ್ಣ ಹಳೆಯ ಪುಸ್ತಕಗಳ ನಡುವೆ. ಥಾಮಸ್ ಅ ಕೆಂಪಿಸ್ ಅವರ ‘ದಿ ಇಮಿಟೇಶನ್ ಆಫ್ ಕ್ರೈಸ್ಟ್’ 15ನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್‌ನಲ್ಲಿ ಹುಟ್ಟಿದ್ದು. ಇಂದಿನ ನೆದರ್‌ಲೆಂಡ್ಸ್‌ನ ಜ್ವೊಲ್ಲೆ ಪಟ್ಟಣದ ಹತ್ತಿರದ ಮಠದಲ್ಲಿ ಬಾಳಿ 1471ರಲ್ಲಿ ತೀರಿಕೊಂಡ ಸನ್ಯಾಸಿಯ ಕೃತಿ. ಬ್ರದರ್ ಲಾರೆನ್ಸ್ ಅವರ ‘ದಿ ಪ್ರಾಕ್ಟಿಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್’ 17ನೆಯ ಶತಮಾನದ್ದು. ಅವರು ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಯವರು. ಹೆಸರು ಮಾಡುವ ಆಸೆಯಿಲ್ಲದ ಈ ಮನುಷ್ಯ ಪುಸ್ತಕ ಬರೆಯಲೇ ಇಲ್ಲ. ಅವರು ಆಡಿದ ಮಾತುಗಳನ್ನೂ ಬರೆದ ಪತ್ರಗಳನ್ನೂ 1691ರಲ್ಲಿ ಅವರು ತೀರಿಕೊಂಡ ಮೇಲೆ ಜೋಸೆಫ್ ದ ಬೋಫೋರ್ ಎಂಬ ಗುರು ಕೂಡಿಸಿದರು.

ಕೆಂಪಿಸ್ ಹೇಳುವುದು ಹಿಂದೆ ಸರಿ ಎಂದು. ಮಾತು ಕಡಿಮೆ ಮಾಡು, ಹೊಗಳಿಕೆಗೆ ಕಿವಿಗೊಡಬೇಡ, ಪಶ್ಚಾತ್ತಾಪದ ಲಕ್ಷಣವನ್ನು ವಿವರಿಸುವುದಕ್ಕಿಂತ ಅದನ್ನು ಅನುಭವಿಸುವುದು ಮೇಲು. ವಾಕ್ಯಗಳು ಚಿಕ್ಕವು, ಒಂದೊಂದೂ ಬಾಯಿಪಾಠಕ್ಕೆ ತಕ್ಕವು. ಉಡುತಡಿಯ ಅಕ್ಕನೂ ಬಳ್ಳಿಗಾವಿಯ ಅಲ್ಲಮನೂ ಹುಟ್ಟಿದ ಜಿಲ್ಲೆಯಲ್ಲಿ ವಚನ ಕೇಳಿ ಬೆಳೆದವರಿಗೆ ಈ ಬಗೆಯ ತುಣುಕಿನ ಓದು ಹೊಸದಲ್ಲ. ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ಅಲೆಯುವಾಗ ಗೀತೆಯ ಜೊತೆಗೆ ಇಟ್ಟುಕೊಂಡಿದ್ದ ಪುಸ್ತಕ ಇದೇ. ಅದರ ಕೆಲವು ಅಧ್ಯಾಯಗಳನ್ನು ಅವರು ಬಂಗಾಳಿಗೂ ತಂದರು. ಇದರಲ್ಲಿ ನಾಲ್ಕು ಭಾಗಗಳಿವೆ, ಒಟ್ಟು 114 ಅಧ್ಯಾಯ. ಜೂನ್ ಮೊದಲ ದಿನ ಹಿಡಿದು ದಿನಕ್ಕೊಂದರಂತೆ ಓದಿದರೆ ಸೆಪ್ಟೆಂಬರ್ ಮೂರನೆಯ ವಾರ ದಾಟುವ ಹೊತ್ತಿಗೆ, ಅಂದರೆ ಮಳೆ ಹಿಂದೆಗೆಯುವ ಹೊತ್ತಿಗೆ, ಮುಗಿಯುತ್ತದೆ.

ನಾಲ್ಕನೆಯ ಭಾಗ ಪರಮಪ್ರಸಾದವನ್ನು, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರವನ್ನು, ಕುರಿತದ್ದು. ಪ್ರಾಟೆಸ್ಟಂಟರಿಗಾಗಿ ಅಚ್ಚಾದ ಹಳೆಯ ಆವೃತ್ತಿಗಳಲ್ಲಿ ಅದನ್ನು ಎಷ್ಟೋ ಸಲ ಕೈಬಿಟ್ಟಿದ್ದಾರೆ. ಕೊಳ್ಳುವ ಮೊದಲು ಪರಿವಿಡಿ ನೋಡಿಕೊಳ್ಳಿ. ಸಿ.ಎಸ್.ಐ.ನವರಿಗೆ ‘ಇದು ನಮ್ಮದಲ್ಲ’ ಎನ್ನಿಸಬೇಕಾಗಿಲ್ಲ. ಜಾನ್ ವೆಸ್ಲಿಯವರೇ 1735ರಲ್ಲಿ ಇದರ ಇಂಗ್ಲಿಷ್ ಆವೃತ್ತಿಯೊಂದನ್ನು ಹೊರತಂದಿದ್ದರು.

ಲಾರೆನ್ಸ್ ಹೇಳುವುದು ಇದಕ್ಕೆ ಹೆಚ್ಚುಕಡಿಮೆ ಎದುರಿನದು. ಅವರಿಗೆ ಅಡುಗೆ ಕೆಲಸ ಸ್ವಭಾವತಃ ಇಷ್ಟವಿರಲಿಲ್ಲ. ಯುದ್ಧದಲ್ಲಿ ಪೆಟ್ಟಾಗಿ ಕುಂಟಾದ ಕಾಲು. ಅಂಥವರನ್ನು ಮಠಕ್ಕೆ ದ್ರಾಕ್ಷಾರಸ ತರಲು ಬರ್ಗಂಡಿಗೆ ಕಳಿಸುತ್ತಾರೆ. ದೋಣಿಯಲ್ಲಿ ಓಡಾಡಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಸಾಗುತ್ತಾರೆ. ‘ಇದು ನಿನ್ನ ಕೆಲಸ ಸ್ವಾಮಿ’ ಎಂದು ದೇವರಿಗೆ ಹೇಳಿ ಮಾಡಿದೆ, ಚೆನ್ನಾಗಿಯೇ ಆಯಿತು ಎಂಬುದು ಅವರ ವರದಿ. ಬಾಣಲೆಯಲ್ಲಿ ಆಮ್ಲೆಟ್ ತಿರುವಿ ಹಾಕುವುದನ್ನೂ ದೇವರ ಪ್ರೀತಿಗಾಗಿ ಮಾಡುತ್ತೇನೆ ಎಂದವರು. ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದವೇ ಅವರಿಗೆ ಅಳಿಸಿಹೋಗಿತ್ತು. ತಪ್ಪಿದಾಗ ಒಪ್ಪಿಕೊಂಡು, ಅದನ್ನೇ ಹಿಡಿದು ಕೊರಗದೆ ಕೆಲಸಕ್ಕೆ ಮರಳುತ್ತಿದ್ದರು. ಇದು ಸುಲಭವೆಂದು ತಿಳಿಯಬೇಡಿ. ಮೊದಲ ಹತ್ತು ವರ್ಷ ಬಹಳ ಕಷ್ಟಪಟ್ಟೆ ಎಂದು ಒಂದು ಪತ್ರದಲ್ಲಿ ಅವರೇ ಬರೆದಿದ್ದಾರೆ. ಈ ಪುಸ್ತಕವನ್ನು ಹಂಚುವವರು ಆ ಪತ್ರದ ಬಗ್ಗೆ ಹೇಳುವುದು ಕಡಿಮೆ.

ಯಾರಿಗೆ ಯಾವುದು? ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಬೇಕಾದ ಮನೆಯಲ್ಲಿ, ತೋಟದ ಲೈನುಗಳಲ್ಲಿ, ಪಾಳಿಯ ಮೇಲೆ ದುಡಿಯುವ ನರ್ಸುಗಳಿಗೆ ಲಾರೆನ್ಸ್. ಎರಡನೆಯ ಮಾತಿಲ್ಲ. ನಿವೃತ್ತರಾದವರಿಗೆ, ತಮ್ಮದೇ ಒಂದು ಕೋಣೆಯಿದ್ದು ಮನಸ್ಸು ಮಾತ್ರ ಊರೆಲ್ಲ ಸುತ್ತುತ್ತಿರುವವರಿಗೆ ಕೆಂಪಿಸ್. ಆದರೆ ತಮ್ಮನ್ನು ತಾವೇ ಹಳಿದುಕೊಳ್ಳುವ ಸ್ವಭಾವದವರಿಗೆ ಕೆಂಪಿಸ್ ಕೊಡಬೇಡಿ. ಅವರ ಕೈಯಲ್ಲಿ ಅದು ಚಾಟಿಯಾಗುತ್ತದೆ. ಇನ್ನೊಂದು ಕೊರತೆಯೂ ಇದೆ. ಸನ್ಯಾಸಿಗಳಿಗಾಗಿ ಬರೆದದ್ದರಿಂದ ಅದರಲ್ಲಿ ಗಂಡ, ಹೆಂಡತಿ, ಮಕ್ಕಳು, ಸಾಲ, ಸಂತೆ ಯಾವುದೂ ಇಲ್ಲ. ನೆರೆಯವರು ಬರುವುದು ಹೆಚ್ಚಾಗಿ ಅಡಚಣೆಯಾಗಿಯೇ.

ಆ ಕೊರತೆ ತುಂಬುವ ಪುಸ್ತಕವೆಂದರೆ ಫ್ರಾನ್ಸಿಸ್ ದ ಸೇಲ್ಸ್ ಅವರ ‘ಇಂಟ್ರೊಡಕ್ಷನ್ ಟು ದಿ ಡಿವೌಟ್ ಲೈಫ್’, 1609ರದ್ದು. ಭಕ್ತಿ ಅವರವರ ಬಾಳಿಗೆ ಹೊಂದಬೇಕು, ಸಂಸಾರಸ್ಥರು ಕಪುಚಿನ್ ಸನ್ಯಾಸಿಗಳಂತೆ ಕಾಸು ಕೂಡಿಡದೆ ಕುಳಿತರೆ ಅದು ನಗೆಪಾಟಲು ಎಂದು ಈ ಧರ್ಮಾಧ್ಯಕ್ಷರು ಮೊದಲಿಗೇ ಹೇಳಿಬಿಡುತ್ತಾರೆ. ಉಡುಗೆ, ಸ್ನೇಹ, ಹರಟೆ, ಕುಣಿತ ಎಲ್ಲದಕ್ಕೂ ಸಲಹೆಗಳಿವೆ. ಸ್ವಲ್ಪ ಉದ್ದ, ಅಲ್ಲಲ್ಲಿ ಉಪಮೆಗಳು ಅತಿಯಾಗುತ್ತವೆ. ಆದರೂ ಮದುವೆಯಾದ ಹೊಸತರಲ್ಲಿ ಓದಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಕಥೆ ಬೇಕೆನ್ನುವವರಿಗೆ

ಉಪದೇಶ ಎಂದರೆ ಆಕಳಿಸುವವರೂ ಕಥೆಗೆ ಕಿವಿಗೊಡುತ್ತಾರೆ. ಇಲ್ಲಿ ಮೂರು ಆಯ್ಕೆಗಳು.

ಜಾನ್ ಬನಿಯನ್ ಅವರ ‘ದಿ ಪಿಲ್ಗ್ರಿಮ್ಸ್ ಪ್ರೋಗ್ರೆಸ್’ 1678ರದ್ದು. ಅನುಮತಿಯಿಲ್ಲದೆ ಪ್ರಸಂಗ ಮಾಡಿದ್ದಕ್ಕೆ ಬೆಡ್‌ಫರ್ಡ್ ಸೆರೆಮನೆಯಲ್ಲಿ ಹನ್ನೆರಡು ವರ್ಷ ಕಳೆದ ಪಾತ್ರೆ ರಿಪೇರಿಯವನ ಪುಸ್ತಕ. ಕನ್ನಡದವರಿಗೆ ಇದು ಹಳೆಯ ನೆಂಟ. 19ನೆಯ ಶತಮಾನದ ನಡುಭಾಗದಲ್ಲೇ ಬಾಸೆಲ್ ಮಿಷನ್ನಿನವರ ಕೈಯಿಂದ ‘ಯಾತ್ರಿಕನ ಸಂಚಾರ’ ಆಗಿ ಬಂತು. ನಮ್ಮ ಗದ್ಯಕಥನದ ಚರಿತ್ರೆ ಬರೆಯುವವರು ಅದನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ಬೆನ್ನಮೇಲೆ ಹೊರೆ ಹೊತ್ತವನು ನಿರಾಶೆಯ ಕೆಸರಿನಲ್ಲಿ ಹೂತು, ಮಾಯಾಪೇಟೆಯಲ್ಲಿ ಸಿಕ್ಕಿಬಿದ್ದು, ಸಂಶಯದ ಕೋಟೆಯಲ್ಲಿ ಸೆರೆಯಾಗಿ, ಬಾಗಿಲ ಬೀಗದ ಕೈ ತನ್ನ ಎದೆಯ ಮೇಲಂಗಿಯಲ್ಲೇ ಇದೆ ಎಂದು ತಡವಾಗಿ ನೆನಪಿಸಿಕೊಳ್ಳುವ ಕಥೆ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಲು ಬರುತ್ತದೆ. ನನಗೆ ಹೆಚ್ಚು ಹಿಡಿಸುವುದು 1684ರ ಎರಡನೆಯ ಭಾಗ. ಮೊದಲನೆಯದರಲ್ಲಿ ಯಾತ್ರಿಕ ಹೆಂಡತಿ ಮಕ್ಕಳನ್ನು ಬಿಟ್ಟು ಕಿವಿ ಮುಚ್ಚಿಕೊಂಡು ಓಡುತ್ತಾನೆ. ಎರಡನೆಯದರಲ್ಲಿ ಅವರೆಲ್ಲ ಕುಂಟರನ್ನೂ ಅಂಜುಬುರುಕರನ್ನೂ ಕೂಡಿಕೊಂಡು ನಿಧಾನವಾಗಿ ನಡೆದು ಬರುತ್ತಾರೆ. ಮೊದಲ ಭಾಗ ಒಬ್ಬಂಟಿಯ ಓದಿಗೆ, ಎರಡನೆಯದು ಮನೆಯವರೆಲ್ಲ ಕುಳಿತು ಕೇಳಲಿಕ್ಕೆ.

ಉತ್ತರ ಆಫ್ರಿಕದ ಧರ್ಮಾಧ್ಯಕ್ಷ ಅಗಸ್ಟೀನರ ‘ಕನ್ಫೆಶನ್ಸ್’ ಇದಕ್ಕಿಂತ ಎತ್ತರದ್ದು, ಏರುವುದೂ ಕಷ್ಟ. ಸುಮಾರು ಕ್ರಿ.ಶ. 400ರ ಹೊತ್ತಿಗೆ ಬರೆದ ಹದಿಮೂರು ಪರ್ವಗಳು. ಪೇರಲೆಯಲ್ಲ, ಪೇರ್ ಹಣ್ಣು ಕದ್ದ ಹುಡುಗಾಟವನ್ನು ಕುರಿತು ಅವರು ಮಾಡುವ ಆತ್ಮಶೋಧ ನೋಡಿ ಎಷ್ಟೋ ಜನ ಅಲ್ಲಿಯೇ ಪುಸ್ತಕ ಮುಚ್ಚುತ್ತಾರೆ. ಒಂಬತ್ತನೆಯ ಪರ್ವದವರೆಗೆ ಓದಿ ನಿಲ್ಲಿಸಿದರೆ ತಪ್ಪೇನಿಲ್ಲ. ಮಿಲಾನಿನ ತೋಟದಲ್ಲಿ ಅತ್ತು ಬದಲಾಗುವುದು ಎಂಟನೆಯದರಲ್ಲಿದೆ, ತಾಯಿ ಮೋನಿಕಾ ತೀರಿಕೊಳ್ಳುವುದು ಒಂಬತ್ತರಲ್ಲಿ. ಆಮೇಲಿನದು ನೆನಪು, ಕಾಲ, ಸೃಷ್ಟಿಗಳ ಮೇಲಿನ ಚಿಂತನೆ. ಅದಕ್ಕೆ ಬೇರೆಯೇ ಬಿಡುವು ಬೇಕು. ದಾರಿ ತಪ್ಪಿದ ಮಗನಿಗಾಗಿ ಪ್ರಾರ್ಥಿಸುತ್ತಿರುವ ತಾಯಿಗೆ ಇದನ್ನು ಕೊಡಬೇಕು ಎಂದು ಹೇಳುವುದುಂಟು. ಮಗನಿಗೇ ಕೊಡಿ ಎನ್ನುತ್ತೇನೆ ನಾನು. ತಾಯಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ.

ಫ್ರಾನ್ಸಿನ ಲಿಸಿಯೂವಿನ ಸನ್ಯಾಸಿನಿ ತೆರೇಸಾ ನಮ್ಮ ಕಥೋಲಿಕ ಮನೆಗಳಿಗೆ ‘ಲಿಟಲ್ ಫ್ಲವರ್’ ಆಗಿ, ಗುಲಾಬಿ ಹಿಡಿದ ಪಟವಾಗಿ ಗೊತ್ತು. ಪಟ ನೋಡಿ ಇದು ಮೆತ್ತಗಿನ ಪುಸ್ತಕ ಎಂದುಕೊಂಡವರು ‘ಸ್ಟೋರಿ ಆಫ್ ಎ ಸೋಲ್’ ಓದಿಲ್ಲ. 24ನೆಯ ವಯಸ್ಸಿಗೆ, 1897ರಲ್ಲಿ, ಕ್ಷಯದಿಂದ ತೀರಿಕೊಂಡವಳು. ಮರುವರ್ಷ ಪುಸ್ತಕ ಬಂತು. ಧ್ಯಾನದ ಹೊತ್ತಿನಲ್ಲಿ ಹಿಂದೆ ಕುಳಿತ ಸಿಸ್ಟರ್ ಒಬ್ಬರು ಎಡೆಬಿಡದೆ ಸದ್ದು ಮಾಡುವುದು, ಬಟ್ಟೆ ಒಗೆಯುವಾಗ ಎದುರಿನವರು ಮುಖಕ್ಕೆ ಕೊಳೆ ನೀರು ಸಿಡಿಸುವುದು, ಪ್ರಾರ್ಥನೆಯಲ್ಲಿ ತನಗೆ ನಿದ್ದೆ ಬರುವುದು: ಆಕೆಯ ರಣರಂಗ ಇಷ್ಟೇ. ಆ ಸದ್ದನ್ನು ಸಂಗೀತವೆಂಬಂತೆ ಕೇಳಿ ದೇವರಿಗೆ ಒಪ್ಪಿಸಲು ಆಕೆ ಪಟ್ಟ ಪಾಡನ್ನು ಓದಿ. ಕೂಡುಕುಟುಂಬದಲ್ಲಿ ಬಾಳಿದವರಿಗೆ ವಿವರಣೆ ಬೇಡ.

ಸಾಧನೆಯ ಪಟ್ಟಿ ಕೊಡುವ ಪುಸ್ತಕಗಳು

ಇಂದಿನ ಸಭಾಪಾಲಕರು ಹೆಚ್ಚಾಗಿ ಹೆಸರಿಸುವುದು ರಿಚರ್ಡ್ ಫಾಸ್ಟರ್ ಅವರ ‘ಸೆಲೆಬ್ರೇಶನ್ ಆಫ್ ಡಿಸಿಪ್ಲಿನ್’. ಕ್ವೇಕರ್ ಸಂಪ್ರದಾಯದ ಅಮೆರಿಕನ್ ಲೇಖಕರು 1978ರಲ್ಲಿ ಬರೆದದ್ದು. ಹನ್ನೆರಡು ಸಾಧನೆಗಳು, ಮೂರು ಗುಂಪು. ಒಳಗಿನವು ಧ್ಯಾನ, ಪ್ರಾರ್ಥನೆ, ಉಪವಾಸ, ಅಧ್ಯಯನ. ಹೊರಗಿನವು ಸರಳತೆ, ಏಕಾಂತ, ವಿಧೇಯತೆ, ಸೇವೆ. ಸಭೆಯಾಗಿ ಮಾಡುವವು ಪಾಪನಿವೇದನೆ, ಆರಾಧನೆ, ಮಾರ್ಗದರ್ಶನ, ಸಂಭ್ರಮ. ಇದರ ದೊಡ್ಡ ಗುಣ ಪ್ರಾಯೋಗಿಕತೆ. ಉಪವಾಸದ ಅಧ್ಯಾಯವನ್ನೇ ನೋಡಿ: ಮೊದಲಿಗೆ ಒಂದು ಮಧ್ಯಾಹ್ನದ ಊಟದಿಂದ ಮರುದಿನದ ಮಧ್ಯಾಹ್ನದ ಊಟದವರೆಗೆ, ಹಣ್ಣಿನ ರಸ ಕುಡಿಯುತ್ತ, ಎರಡು ಹೊತ್ತು ಮಾತ್ರ ಬಿಡಿ ಎನ್ನುತ್ತದೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹೃದ್ರೋಗಿಗಳು ಉಪವಾಸಕ್ಕೆ ಇಳಿಯಬಾರದು ಎಂದೂ ಹೇಳುತ್ತದೆ. ಮೂರು ದಿನದ ಉಪವಾಸ ಪ್ರಾರ್ಥನೆಯೆಂದು ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರನ್ನೂ ಕೂರಿಸಿಕೊಳ್ಳುವ ಕೂಟಗಳಲ್ಲಿ ಈ ಒಂದು ಪುಟವನ್ನಾದರೂ ಓದಿಸಬೇಕು.

ದೋಷ ಪುಸ್ತಕದ್ದಲ್ಲ, ಓದುವವರದು. ಹನ್ನೆರಡನ್ನೂ ಒಟ್ಟಿಗೆ ಹಿಡಿಯುತ್ತಾರೆ. ಸಾಧನೆಗಳನ್ನು ಕಟ್ಟಳೆ ಮಾಡಿಕೊಂಡರೆ ಸಾವು ಎಂದು ಫಾಸ್ಟರ್ ಮೊದಲ ಅಧ್ಯಾಯದಲ್ಲೇ ಎಚ್ಚರಿಸಿದ್ದಾರೆ. ತಿಂಗಳಿಗೊಂದು ಹಿಡಿದರೆ ಸಾಕು, ವರ್ಷ ತುಂಬುತ್ತದೆ.

ಡಾಲಸ್ ವಿಲ್ಲರ್ಡ್ ಅವರ ‘ದಿ ಸ್ಪಿರಿಟ್ ಆಫ್ ದಿ ಡಿಸಿಪ್ಲಿನ್ಸ್’ (1988) ‘ಹೇಗೆ’ ಎನ್ನುವುದಕ್ಕಿಂತ ‘ಏಕೆ’ ಎನ್ನುವುದಕ್ಕೆ ಉತ್ತರ. ಅವರು ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಆದ್ದರಿಂದ ವಾದ ಬಿಗಿ, ಓದು ನಿಧಾನ. ಸಾಧನೆಗಳನ್ನು ಬಿಡುವುವು, ತೊಡಗುವುವು ಎಂದು ಎರಡಾಗಿ ಹಂಚುತ್ತಾರೆ. ಬಿಡುವುದರ ಪಟ್ಟಿಯಲ್ಲಿ ಗೋಪ್ಯತೆ ಎಂಬುದೊಂದಿದೆ: ಮಾಡಿದ ಒಳ್ಳೆಯದು ಯಾರಿಗೂ ತಿಳಿಯದಂತೆ ನೋಡಿಕೊಳ್ಳುವುದು. ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ಬರೆಸುವ ನಮಗೆ ಇದು ಉಪವಾಸಕ್ಕಿಂತ ಕಠಿಣ. ಕೈಯಲ್ಲಿ ಹಿಡಿದು ಮಾಡಬೇಕು ಎನ್ನುವವರು ಫಾಸ್ಟರ್ ತೆಗೆದುಕೊಳ್ಳಿ. ‘ಕೃಪೆಯಿಂದಲೇ ರಕ್ಷಣೆ ಅಂದಮೇಲೆ ಈ ಸಾಧನೆ ಯಾಕೆ?’ ಎಂದು ವಾದಿಸುವವರಿಗೆ ವಿಲ್ಲರ್ಡ್.

ಇವೆರಡಕ್ಕಿಂತ ಮೇಲೆ ನಾನು ಇಡುವುದು ಜರ್ಮನಿಯ ಸಭಾಪಾಲಕ ಡೀಟ್ರಿಕ್ ಬೋನ್‌ಹಾಫರ್ ಅವರ ‘ಲೈಫ್ ಟುಗೆದರ್’. ಹಿಟ್ಲರನಿಗೆ ತಲೆಬಾಗದ ಸಭೆಗಳಿಗಾಗಿ ಅವರು ಫಿಂಕೆನ್‌ವಾಲ್ಡೆಯಲ್ಲಿ ನಡೆಸುತ್ತಿದ್ದ ಗುರುಮಠವನ್ನು 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಮುಚ್ಚಿತು. ಅಲ್ಲಿ ಒಟ್ಟಿಗೆ ಬಾಳಿದ ಅನುಭವವನ್ನು ಅವರು ಮರುವರ್ಷ ಕೆಲವೇ ವಾರಗಳಲ್ಲಿ ಬರೆದರು, 1939ರಲ್ಲಿ ಪ್ರಕಟವಾಯಿತು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಗಾಂಧೀಜಿಯವರ ಆಶ್ರಮದ ಬದುಕನ್ನು ನೋಡಲು ಭಾರತಕ್ಕೆ ಬರಬೇಕೆಂದು ಅವರು ಹಂಬಲಿಸಿದ್ದರು, ಗಾಂಧೀಜಿ ಆಹ್ವಾನವನ್ನೂ ಕಳಿಸಿದ್ದರು. ಬರಲಾಗಲಿಲ್ಲ.

ಪುಸ್ತಕ ಸಣ್ಣದು, ಐದು ಅಧ್ಯಾಯ. ಬೆಳಗಿನ ಕೀರ್ತನೆ, ಒಟ್ಟಿಗೆ ಊಟ, ಒಬ್ಬರೇ ಕಳೆಯುವ ಹೊತ್ತು, ಒಬ್ಬರಿಗೊಬ್ಬರು ಮಾಡುವ ಸೇವೆ, ಪಾಪನಿವೇದನೆ. ಒಂಟಿಯಾಗಿರಲಾರದವನು ಸಂಗದ ಬಗ್ಗೆ ಎಚ್ಚರವಾಗಿರಲಿ, ಸಂಗದಲ್ಲಿ ಇಲ್ಲದವನು ಒಂಟಿತನದ ಬಗ್ಗೆ ಎಚ್ಚರವಾಗಿರಲಿ ಎಂಬ ಮಾತು ಇದರದ್ದೇ. ಸಭೆ ಹೇಗಿರಬೇಕೆಂದು ಕನಸು ಕಟ್ಟಿಕೊಂಡು ಬರುವವನೇ ಸಭೆಯನ್ನು ಒಡೆಯುತ್ತಾನೆ ಎಂಬ ಭಾಗವನ್ನು ಹೊಸ ಸಮಿತಿ ಆಯ್ಕೆಯಾದ ವರ್ಷ ಓದಬೇಕು. ಸೇವೆಯ ಪಟ್ಟಿಯಲ್ಲಿ ಅವರು ಮೊದಲಿಗೆ ಇಡುವುದು ನಾಲಗೆ ಹಿಡಿಯುವುದನ್ನು, ಆಮೇಲೆಯೇ ಮಿಕ್ಕದ್ದು. ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಕುಡಿಯುವ ಅರ್ಧ ಗಂಟೆಯಲ್ಲಿ ನಾವು ಏನು ಮಾತಾಡುತ್ತೇವೆ ಎಂದು ಯೋಚಿಸಿದರೆ ಈ ಸಾಧನೆ ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಸೂತ್ರವಿಲ್ಲ, ವೇಳಾಪಟ್ಟಿಯಿಲ್ಲ ಎಂದು ದೂರುವವರಿದ್ದಾರೆ. ನಿಜ, ಹೊಸಬರಿಗೆ ಫಾಸ್ಟರ್ ಕೈ ಹಿಡಿದು ನಡೆಸುವಷ್ಟು ಇದು ನಡೆಸುವುದಿಲ್ಲ. ಆದರೆ ಫಾಸ್ಟರ್ ಓದಿ ಹತ್ತು ವರ್ಷವಾದ ಮೇಲೂ ಸಿಡುಕು ಹೋಗದವರಿಗೆ ಇದು ಬೇಕು.

ಪ್ರಾರ್ಥನೆ ಮಾತ್ರ ಕಲಿಯಬೇಕಾದರೆ

ಆಂಡ್ರೂ ಮರ್ರೆ ಅವರ ‘ವಿತ್ ಕ್ರೈಸ್ಟ್ ಇನ್ ದಿ ಸ್ಕೂಲ್ ಆಫ್ ಪ್ರೇಯರ್’ (1885) 31 ಪಾಠ, ತಿಂಗಳ ದಿನಕ್ಕೊಂದು. ಶೈಲಿ ಹಳತು, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ, ಆದರೂ ಬೇಡಿಕೆಯ ಪ್ರಾರ್ಥನೆಯಲ್ಲಿ ಸೋತವರಿಗೆ ಬಲ ಕೊಡುತ್ತದೆ. ಇದರ ಎದುರಿಗೆ ಹೆಸರು ತಿಳಿಯದ ರಷ್ಯನ್ ಯಾತ್ರಿಕನ ‘ದಿ ವೇ ಆಫ್ ಎ ಪಿಲ್ಗ್ರಿಮ್’ ಇಡಿ. ‘ಎಡೆಬಿಡದೆ ಪ್ರಾರ್ಥನೆ ಮಾಡಿರಿ’ ಎಂಬ ಪೌಲನ ಮಾತನ್ನು ಅಕ್ಷರಶಃ ಹಿಡಿದುಕೊಂಡು, ಒಣರೊಟ್ಟಿಯ ಚೀಲ ಮತ್ತು ಬೈಬಲ್ ಹೊತ್ತು ಅಲೆಯುವವನ ಕಥೆ. ಗುರು ಅವನಿಗೆ ಯೇಸುವಿನ ಹೆಸರಿನ ಸಣ್ಣ ಪ್ರಾರ್ಥನೆಯನ್ನು ದಿನಕ್ಕೆ 3,000 ಸಲ, ಆಮೇಲೆ 6,000, ಆಮೇಲೆ 12,000 ಸಲ ಹೇಳಿಸುತ್ತಾನೆ. ಜಪಸರ ಹಿಡಿದು ಬೆಳೆದವರಿಗೆ ಇದು ಥಟ್ಟನೆ ಒಗ್ಗುತ್ತದೆ. ‘ವ್ಯರ್ಥವಾಗಿ ಪುನರುಚ್ಚರಿಸಬೇಡಿ’ ಎಂಬ ಸುವಾರ್ತೆಯ ಮಾತನ್ನು ಮುಂದಿಡುವವರಿಗೆ ಒಗ್ಗುವುದಿಲ್ಲ, ಅವರು ಮರ್ರೆಯವರ ಹತ್ತಿರವೇ ಇರಲಿ.

ಇಗ್ನೇಷಿಯಸ್ ಲೊಯೋಲಾ ಅವರ ‘ಸ್ಪಿರಿಚ್ಯುವಲ್ ಎಕ್ಸರ್ಸೈಸಸ್’ ಪುಸ್ತಕವನ್ನು ಕೊಂಡು ಓದಬೇಡಿ. ಅದು ಧ್ಯಾನಕೂಟ ನಡೆಸುವವರ ಕೈಪಿಡಿ. ಒಣಗಿದ ಸೂಚನೆಗಳ ಸಾಲು ಅಷ್ಟೇ. ಬಲ್ಲ ಗುರುಗಳೋ ಸಿಸ್ಟರೋ ಸಿಕ್ಕರೆ ಅವರ ಕೆಳಗೆ ಮಾಡಿ. ಮೂವತ್ತು ದಿನ ಬಿಡುವಿಲ್ಲದವರು ಮನೆಯಲ್ಲಿದ್ದುಕೊಂಡೇ ತಿಂಗಳುಗಟ್ಟಲೆ ಮಾಡುವ ದಾರಿಯನ್ನೂ ಇಗ್ನೇಷಿಯಸ್ ಬರೆದಿಟ್ಟಿದ್ದಾರೆ.

ಇಗ್ನೇಷಿಯಸ್ ಸ್ಥಾಪಿಸಿದ ಯೇಸುಸಭೆಯವರೇ ಆದ ಆಂಥೊನಿ ಡಿಮೆಲ್ಲೊ ಅವರ ‘ಸಾಧನಾ’ (1978) ನಮ್ಮ ನೆಲದ್ದು: ಉಸಿರು, ಮೌನ, ಕಲ್ಪನೆಗಳ ಮೂಲಕ ಪ್ರಾರ್ಥನೆಗೆ ಇಳಿಸುವ ಅಭ್ಯಾಸಗಳು. ಕುಳಿತ ಕೂಡಲೇ ಮನಸ್ಸು ಜಾರುವವರಿಗೆ ನಿಜಕ್ಕೂ ಸಹಾಯವಾಗುತ್ತದೆ. ಲೇಖಕರ ಬರಹಗಳ ಬಗ್ಗೆ 1998ರಲ್ಲಿ ವ್ಯಾಟಿಕನ್ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು ಎಂಬುದನ್ನೂ ತಿಳಿದಿರಿ. ಆಕ್ಷೇಪ ಹೆಚ್ಚಾಗಿ ನಂತರದ ಪುಸ್ತಕಗಳ ಮೇಲಿತ್ತು. ಧರ್ಮೋಪದೇಶದ ತರಗತಿಗೆ ತರುವ ಮೊದಲು ಗುರುಗಳನ್ನು ಕೇಳುವುದು ಒಳ್ಳೆಯದು.

ಸಾಧು ಸುಂದರ್ ಸಿಂಗ್ ಅವರ ‘ಅಟ್ ದಿ ಮಾಸ್ಟರ್ಸ್ ಫೀಟ್’ (1922) ಮತ್ತು ಅಮೆರಿಕನ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ಅವರ ‘ದಿ ಕ್ರೈಸ್ಟ್ ಆಫ್ ದಿ ಇಂಡಿಯನ್ ರೋಡ್’ (1925) ಎರಡನ್ನೂ ಭಾರತದ ಶೆಲ್ಫಿನಲ್ಲಿ ಒಟ್ಟಿಗೆ ಇಡುತ್ತಾರೆ. ಜೋನ್ಸ್ ಅವರದು ಪ್ರಚಾರಕರು ಓದಿ ನಾಚಬೇಕಾದ ಪುಸ್ತಕ, ಸಾಧನೆಗೆ ನೇರವಾಗಿ ಒದಗುವುದಿಲ್ಲ. ಮೂಲದಲ್ಲಿ ಉರ್ದುವಿನಲ್ಲಿ ಬಂದ ಸಾಧುವಿನ ಪುಸ್ತಕ ಗುರುಶಿಷ್ಯರ ಸಂವಾದ. ನೀರು, ಬೆಳಕು, ಹಕ್ಕಿಗಳ ದೃಷ್ಟಾಂತಗಳಿಂದ ತುಂಬಿದೆ, ಹೈಸ್ಕೂಲು ಮಕ್ಕಳಿಗೂ ದಾಟುತ್ತದೆ.

ಭಾಷೆ, ಬೆಲೆ, ಕಾಲ

ಕೆಂಪಿಸ್, ಲಾರೆನ್ಸ್, ಬನಿಯನ್, ಅಗಸ್ಟೀನ್, ಮರ್ರೆ ಇವರ ಹಳೆಯ ಇಂಗ್ಲಿಷ್ ಪಠ್ಯಗಳು ಹಕ್ಕುಸ್ವಾಮ್ಯ ಮುಗಿದವು, ಅಂತರ್ಜಾಲದಲ್ಲಿ ಉಚಿತ. ಆದರೆ ಆ ಹಳೆಯ ಇಂಗ್ಲಿಷ್ ನಮ್ಮವರನ್ನು ಕೆಡವುತ್ತದೆ. ಅಗಸ್ಟೀನರಿಗಾದರೂ ದುಡ್ಡು ಕೊಟ್ಟು ಹೆನ್ರಿ ಚಾಡ್ವಿಕ್ ಅವರ 1991ರ ಅನುವಾದ ಕೊಳ್ಳಿ. ಫಾಸ್ಟರ್, ವಿಲ್ಲರ್ಡ್ ಹೊಸಬರು, ಅವರವು ಉಚಿತವಾಗಿ ಸಿಕ್ಕರೆ ಅದು ಕಳವಿನ ಮಾಲು.

ಕಾಲವನ್ನೂ ನೋಡಿಕೊಳ್ಳಿ. ಆಗುಂಬೆ, ಹೊಸನಗರದ ಕಡೆ ಜುಲೈಯಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ, ಮೊಬೈಲಿನಲ್ಲಿ ಓದುತ್ತೇನೆ ಎಂಬ ಲೆಕ್ಕ ಅಲ್ಲಿ ನಡೆಯದು. ಆಗ ಅಚ್ಚಿನ ಪುಸ್ತಕವೇ ಬೇಕು, ಅಗಸ್ಟೀನರಂಥ ಉದ್ದದ್ದಕ್ಕೂ ಅದೇ ಹೊತ್ತು. ಅಡಿಕೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲಾರೆನ್ಸರ ಒಂದು ಪತ್ರ ಸಾಕು. ಬೂದಿ ಬುಧವಾರದ ಹೊತ್ತಿಗೆ ತೋಟದ ಕೆಲಸ ತಗ್ಗಿರುತ್ತದೆ. ಅಲ್ಲಿಂದ ಈಸ್ಟರಿನವರೆಗಿನ ತಪಸ್ಸುಕಾಲಕ್ಕೆ ಫಾಸ್ಟರರ ಉಪವಾಸ, ಸರಳತೆಯ ಅಧ್ಯಾಯಗಳನ್ನೋ ಬೋನ್‌ಹಾಫರರನ್ನೋ ಹಿಡಿಯಬಹುದು.

ಕನ್ನಡ ಮಾತ್ರ ಓದುವವರು ಬೇರೆ ಅನುವಾದಗಳಿಗಾಗಿ ಕಾಯುತ್ತ ಕೂರುವುದು ಬೇಡ. 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳು ಯೆರೂಸಲೇಮಿನ ಬೆಟ್ಟ ಹತ್ತುವವರ ಯಾತ್ರಾಗೀತೆಗಳು. ಬೆಳಿಗ್ಗೆ ಒಂದು ಕೀರ್ತನೆ, ಸಂಜೆ ‘ಯಾತ್ರಿಕನ ಸಂಚಾರ’ದ ಕೆಲವು ಪುಟ. ಪ್ರತಿ ಸಿಗದಿದ್ದರೆ ಹಳೆಯ ಸಭೆಗಳ ಕಪಾಟುಗಳಲ್ಲಿ ವಿಚಾರಿಸಿ. ಹದಿನೈದು ದಿನವಾದ ಮೇಲೆ ಕೀರ್ತನೆಗಳನ್ನು ಮೊದಲಿನಿಂದ ಮತ್ತೆ ಹಿಡಿಯಿರಿ, ಈ ಸಲ ಮನೆಯ ಕಿರಿಯರಿಂದ ಓದಿಸಿ.